ಗುಡ್ಡದಾಚೆ ಉಳಿದವನು

ರೈಲು ಮುಷ್ಕರ ನಡೆದ ವರ್ಷ. ದೀಪಾವಳಿ ಇನ್ನೇನು ಬಂದೇಬಿಟ್ಟಿತ್ತು. ಸಿಮೆಂಟ್ ಬಾರದೆ ಬಿಲ್ಡಿಂಗಿನ ಕೆಲಸ ನಿಂತಿದ್ದರಿಂದ ಸೋಮವ್ವ ಆ ದಿನ ಬೆಳಿಗ್ಗೆ ಜೋಳ ತರಲೆಂದು ಅಂಧೇರಿ ಸ್ಟೇಷನ್ನಿನ ಬಜಾರಿಗೆ ಹೋಗಿದ್ದಳು. ಸೇತುವೆಯ ಮೆಟ್ಟಿಲ ಬಳಿ ಒಬ್ಬ ಬಿಳಿಯ ಹುಡುಗ ಅವಳನ್ನು ದಾಟಿ ಮೇಲೆ ಹತ್ತಿದ. ಬೆನ್ನಿಗೆ ದೊಡ್ಡ ಚೀಲ, ಹೆಗಲವರೆಗೆ ಜಡೆಗಟ್ಟಿದ ಕೂದಲು, ಬಿಸಿಲಿಗೆ ಬೆಂದ ಕತ್ತು. ಜುಹು ಕಡೆ ಇಂಥವರು ದಿನಾ ಕಾಣುತ್ತಿದ್ದರು. ಅವಳು ತಿರುಗಿಯೂ ನೋಡುತ್ತಿರಲಿಲ್ಲ. ಆದರೆ ಆ ಚೀಲದ ಮೇಲೆ ಸುರುಳಿ ಸುತ್ತಿ ಕಟ್ಟಿದ್ದ ಕರಿ ಕಂಬಳಿ ಕಣ್ಣಿಗೆ ಬಿತ್ತು.

ಆ ಕಂಬಳಿಯ ಉಣ್ಣೆ ನೂತವಳು ಅವಳ ಅತ್ತೆ. ಒಲೆಯ ಕಿಡಿ ಹಾರಿ ಒಂದು ಮೂಲೆ ಸುಟ್ಟಾಗ ತನ್ನ ಹಳೆಯ ಸೀರೆಯ ಕೆಂಪು ಎಳೆ ಬಿಡಿಸಿ ಹೊಲಿದವಳು ಸೋಮವ್ವನೇ. ಸುರುಳಿಯ ಹೊರಮಗ್ಗುಲಿಗೆ ಆ ಕೆಂಪು ಹೊಲಿಗೆ ಕಾಣುತ್ತಿತ್ತು. ಅದನ್ನು ಹೆಗಲಿಗೆ ಹಾಕಿಕೊಂಡು ಮನೆಯಿಂದ ಹೋದವನು ಅವಳ ಗಂಡ ನಿಂಗಣ್ಣ.

ಗಣಪತಿ ಹಬ್ಬ ಮುಗಿದ ವಾರ ಅವನು ಹೊರಟಿದ್ದ. ಹಿಂದೊಮ್ಮೆ ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಅವನು ಪಾತ್ರೆ ತೊಳೆಯುತ್ತಿದ್ದ. ಹಿಂದಿ ಕಲಿತದ್ದು ಅಲ್ಲಿಯೇ. ಆ ಹೋಟೆಲಿನ ಮ್ಯಾನೇಜರ್ ಸದಾನಂದ ಶೆಟ್ಟರು ಒಂದು ದಿನ ಹೇಳಿಕಳಿಸಿದರು. ಯಾನ್ ಮತ್ತು ಪೀಟರ್ ಎಂಬ ಇಬ್ಬರು ವಿದೇಶಿ ಹುಡುಗರು ಅಲ್ಲಿಗೆ ಊಟಕ್ಕೆ ಬರುತ್ತಿದ್ದರಂತೆ. ದೂರದ ಉತ್ತರದಲ್ಲಿ, ಕುಲುವಿನಾಚೆಯ ಗುಡ್ಡದ ಹಳ್ಳಿಗಳಲ್ಲಿ ಅವರಂಥ ಹುಡುಗ ಹುಡುಗಿಯರು ಗುಂಪು ಗುಂಪಾಗಿ ಚೀಲ ಹೊತ್ತು ತಿರುಗುತ್ತಾರೆ, ಇವರಿಗೂ ಹೋಗಬೇಕಾಗಿದೆ, ಹೊರೆ ಹೊತ್ತು ಅಡುಗೆ ಮಾಡಿ ಹಿಂದಿ ಮಾತಾಡುವ ಒಬ್ಬ ಬೇಕು ಎಂದರು. ನಿಂಗಣ್ಣ ಕುರುಬರ ಮನೆಯಲ್ಲಿ ಹುಟ್ಟಿದವನು, ಕುರಿಗಳ ಹಿಂದೆ ನಡೆದು ಬೆಳೆದವನು. ಕೂಲಿಗಿಂತ ಹೆಚ್ಚಾಗಿ, ಗುಡ್ಡ ಹತ್ತುವ ಮಾತಿಗೇ ಅವನು ಸೋತ. "ದಸರಾಕ್ಕ ಬಂದಬಿಡ್ತೀನಿ" ಎಂದು ಹೋದ. ದಸರಾ ಕಳೆಯಿತು. ಸೋಮವ್ವ ಹೋಟೆಲಿಗೆ ಹೋಗಿ ಕೇಳಿದಾಗ ಶೆಟ್ಟರು, "ಬರ್ತಾರೆ ಮಾರಾಯ್ತಿ, ಅವರಿಗೆಲ್ಲ ಹೊತ್ತು ಗೊತ್ತು ಉಂಟಾ?" ಎಂದು ಸಮಾಧಾನ ಹೇಳಿ ಕಳಿಸಿದ್ದರು.

ಈಗ ಕಂಬಳಿ ಮಾತ್ರ ಬಂದಿತ್ತು.

ಸೋಮವ್ವ ಕೈಯಲ್ಲಿದ್ದ ಚೀಲವನ್ನು ಅಂಗಡಿಯ ಕಟ್ಟೆಯ ಮೇಲೆಯೇ ಬಿಟ್ಟು ಮೆಟ್ಟಿಲು ಹತ್ತಿದಳು. ಕೂಗಬೇಕೆನ್ನಿಸಿತು. ಕೂಗಿದರೆ ಅವನು ಓಡಿದರೆ? ಜನರ ನಡುವೆ ತಲೆ ತಗ್ಗಿಸಿ, ಆ ಕೆಂಪು ಹೊಲಿಗೆಯೊಂದನ್ನೇ ನೋಡುತ್ತ ಪ್ಲಾಟ್‌ಫಾರ್ಮಿಗೆ ಇಳಿದಳು. ಚರ್ಚ್‌ಗೇಟ್ ಲೋಕಲ್ ಬಂತು. ಅವನು ಹತ್ತಿದ ಡಬ್ಬಿಗೇ ಅವಳೂ ನುಗ್ಗಿದಳು. ಗಂಡಸರ ಡಬ್ಬಿ. ಯಾರೋ ಮರಾಠಿಯಲ್ಲಿ ಬೈದರು. ಅವಳು ಬಾಗಿಲ ಕಂಬ ಹಿಡಿದು ನಿಂತಳು. ಟಿಕೇಟು ತೆಗೆದಿಲ್ಲವೆಂಬುದು ನೆನಪಾದದ್ದು ಗಾಡಿ ಬಿಟ್ಟ ಮೇಲೆ.

ಹುಡುಗ ಕಿಟಕಿಯ ಪಕ್ಕ ನಿಂತು ಹೊರಗೆ ನೋಡುತ್ತಿದ್ದ. ಇಬ್ಬರಲ್ಲಿ ಇವನು ಯಾರೋ ಅವಳಿಗೆ ಗೊತ್ತಾಗಲಿಲ್ಲ. ಇನ್ನೊಬ್ಬ ಜತೆಗಿಲ್ಲ. ಗಂಡನೂ ಇಲ್ಲ. ಕಂಬಳಿ ಮಾರಿರಬಹುದೇ? ತನ್ನವ್ವ ನೇಯಿಸಿಕೊಟ್ಟದ್ದನ್ನು ಅವನು ಮಾರುವವನಲ್ಲ. ಕೊಟ್ಟಿರಬಹುದೇ? ಆ ಚಳಿಯಲ್ಲಿ ತನಗೇನು ಉಳಿಸಿಕೊಂಡ? ಹೀಗೆ ಯೋಚಿಸುತ್ತಿರುವಾಗಲೇ ಸತ್ತವರ ಮೈಮೇಲಿನ ಹೊದಿಕೆ ತೆಗೆದುಕೊಳ್ಳುವ ಚಿತ್ರ ಅವಳ ಕಣ್ಣೆದುರು ಬಂತು. ಬಾಂದ್ರಾದಲ್ಲಿ ಜನ ನುಗ್ಗಿ ಕಂಬಳಿ ಕಣ್ಮರೆಯಾಯಿತು. ದಾದರ್‌ನಲ್ಲಿ ಅರ್ಧ ಡಬ್ಬಿ ಖಾಲಿಯಾಗುವಾಗ ಅವಳು ಇಳಿಯುವವರ ಹೆಗಲುಗಳನ್ನೆಲ್ಲ ಒಂದೊಂದಾಗಿ ನೋಡಿದಳು. ಇಲ್ಲ, ಅವನು ಅಲ್ಲಿಯೇ ಇದ್ದ. ಈಗ ಅವರಿಬ್ಬರ ನಡುವೆ ಯಾರೂ ಇರಲಿಲ್ಲ. ಅವನು ತಿರುಗಿ ನೋಡಿದ. ಅವಳು ಕಣ್ಣು ಕೀಳಲಿಲ್ಲ. ಅವನು ಚೀಲದ ಪಟ್ಟಿ ಬಿಗಿ ಮಾಡಿಕೊಂಡು ಬಾಗಿಲಿನತ್ತ ಸರಿದ.

ಚರ್ಚ್‌ಗೇಟ್‌ನಲ್ಲಿ ಗಾಡಿ ನಿಲ್ಲುವ ಮುಂಚೆಯೇ ಅವನು ಇಳಿದು ಬಿರುಸಾಗಿ ನಡೆದ. ಸೋಮವ್ವ ಸೆರಗು ಸಿಕ್ಕಿಸಿಕೊಂಡು ಓಡಿದಳು. ಗೇಟಿನ ಹತ್ತಿರ ಬಂದವಳೇ ಕಂಬಳಿಯ ಅಂಚು ಹಿಡಿದು ಎಳೆದಳು. ಅವನು ಮುಗ್ಗರಿಸಿ ತಿರುಗಿದ.

ಅವಳಿಗೆ ಅವನ ಭಾಷೆ ಬಾರದು. ಅವನಿಗೆ ತಿಳಿಯುವ ಮಾತು ಅವಳ ಹತ್ತಿರ ಒಂದೇ ಒಂದಿತ್ತು. ಮದುವೆಯಾದಾಗಿನಿಂದ ಅವಳು ಅದನ್ನು ಬಾಯಿಬಿಟ್ಟು ಆಡಿದವಳಲ್ಲ. ಗಂಡನ ಹೆಸರು ಹೇಳುವುದು ಅವರಲ್ಲಿ ಇರಲಿಲ್ಲ.

"ನಿಂಗಣ್ಣ," ಎಂದಳು. ಕಂಬಳಿಯನ್ನು ಜಗ್ಗಿ ಮತ್ತೆ, "ನಿಂಗಣ್ಣ. ಎಲ್ಲಿ?"

ಹುಡುಗನ ಮುಖದ ಬಣ್ಣ ಹೋಯಿತು. ಅವನು ಕಂಬಳಿ ಬಿಡಿಸಿಕೊಳ್ಳಲು ನೋಡಿದ. ಅವಳು ಎರಡೂ ಕೈಯಿಂದ ಹಿಡಿದಳು. ಜನ ಸೇರಿದರು. ಟಿಸಿ ಬಂದು ಅವಳ ಟಿಕೇಟು ಕೇಳಿದ. ಹಿಂದೆಯೇ ಒಬ್ಬ ಹವಾಲ್ದಾರ ಲಾಠಿ ಕಂಕುಳಲ್ಲಿ ಇಟ್ಟುಕೊಂಡು ಬಂದ. "ಕ್ಯಾ ಹುವಾ? ಚೋರಿ ಕಿಯಾ ಕ್ಯಾ?"

ಖಾಕಿ ಕಂಡದ್ದೇ ಹುಡುಗ ಬೆನ್ನಿನ ಚೀಲವನ್ನು ಮುಂದಕ್ಕೆ ಎಳೆದುಕೊಂಡದ್ದನ್ನು ಸೋಮವ್ವ ನೋಡಿದಳು. ಅವನು ಅದನ್ನು ಎದೆಗೆ ಒತ್ತಿಕೊಂಡಿದ್ದ. ಹೌದು ಸಾಬ್, ಚೋರಿ ಎಂದುಬಿಟ್ಟರೆ ಈಗಲೇ ಹಿಡಿದೊಯ್ಯುತ್ತಾರೆ. ಆದರೆ ಒಯ್ದು ಎಲ್ಲಿ ಇಡುತ್ತಾರೋ, ಯಾವ ಬಾಗಿಲ ಹಿಂದೆ ಕೂರಿಸುತ್ತಾರೋ. ಆಮೇಲೆ ಅವಳಿಗೆ ಹೇಳುವವರು ಯಾರು? ಅವಳಿಗೆ ಕಳ್ಳ ಬೇಕಿರಲಿಲ್ಲ. ಅವನು ಕಂಡದ್ದು ಬೇಕಿತ್ತು.

"ಪೆಹಚಾನ್‌ವಾಲಾ ಹೈ ಸಾಬ್," ಎಂದಳು. "ಹಮಾರಾ ಪೆಹಚಾನ್‌ವಾಲಾ."

ತನ್ನ ಗುರುತಿನವನು ಎಂಬ ಆ ಮಾತಿಗೆ ಹವಾಲ್ದಾರ ಇಬ್ಬರನ್ನೂ ನೋಡಿ ನಕ್ಕ. ಟಿಸಿ ನಗಲಿಲ್ಲ, ದಂಡ ಕಟ್ಟು ಎಂದ. ಹುಡುಗ ಅವಸರದಿಂದ ಜೇಬಿನ ನೋಟು ತೆಗೆದು ಟಿಸಿಯ ಕೈಗೆ ತುರುಕಿದ. ಅಲ್ಲಿಂದ ದೂರ ಹೋದರೆ ಸಾಕಾಗಿತ್ತು ಅವನಿಗೆ. ಸೋಮವ್ವ ಕಂಬಳಿಯ ಅಂಚು ಬಿಡದೆ, "ಚಲೋ," ಎಂದಳು. ಮುಂದೆ ಅವಳು, ಹಿಂದೆ ಅವನು. ಫೋರ್ಟಿನ ರಸ್ತೆಗಳಲ್ಲಿ ಆಫೀಸಿನ ಜನ ನಿಂತು ನಿಂತು ನೋಡಿದರು.

ಊಟದ ಹೊತ್ತಾದ್ದರಿಂದ ಹೋಟೆಲು ತುಂಬಿತ್ತು. ಗಲ್ಲಾದ ಮೇಲೆ ಕೂತಿದ್ದ ಸದಾನಂದ ಶೆಟ್ಟರು ಬಾಗಿಲಲ್ಲಿ ನಿಂತವರನ್ನು ಕಂಡು ಎದ್ದುಬಿಟ್ಟರು.

"ಯಾನ್?"

"ಇಂವನ್ನ ಕೇಳ್ರಿ ಶೆಟ್ರ," ಎಂದಳು ಸೋಮವ್ವ. "ನಮ್ಮವರು ಎಲ್ಲಿ ಅದಾರ ಕೇಳ್ರಿ."

ಶೆಟ್ಟರು ಗಲ್ಲಾಕ್ಕೆ ಬೇರೆಯವರನ್ನು ಕೂರಿಸಿ, ಇಬ್ಬರನ್ನೂ ಒಳಗೆ ಅಕ್ಕಿ ಮೂಟೆ ಇಡುವ ಕೋಣೆಗೆ ಕರೆದೊಯ್ದರು. ಯಾನ್ ಕೂರಲಿಲ್ಲ. ಒಂದು ಲೋಟ ನೀರು ಕುಡಿದ, ಇನ್ನೊಂದು ಕೇಳಿದ. ಆಮೇಲೆ ಗೋಡೆ ನೋಡುತ್ತ ಮಾತಾಡತೊಡಗಿದ. ಶೆಟ್ಟರು ನಡುನಡುವೆ ಪ್ರಶ್ನೆ ಹಾಕುತ್ತಿದ್ದರು. ಹೋಗುತ್ತ ಹೋಗುತ್ತ ಅವರ ಪ್ರಶ್ನೆಗಳು ನಿಂತವು. ಸೋಮವ್ವ ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಕಣ್ಣು ಹೊರಳಿಸುತ್ತ ನಿಂತಿದ್ದಳು.

"ಏನಂತಾನ್ರಿ?"

ಶೆಟ್ಟರು ಒಂದು ಅಕ್ಕಿ ಮೂಟೆಯ ಮೇಲೆ ಕೂತರು.

"ಶೆಟ್ರ, ಇದ್ದಾರೋ ಇಲ್ಲೋ, ಅದೊಂದು ಹೇಳ್ರಿ."

"ಇವ ಬಿಟ್ಟು ಬರುವಾಗ ಇದ್ದನಂತೆ," ಎಂದರು ಶೆಟ್ಟರು ಮೆಲ್ಲಗೆ.

ಆಮೇಲೆ ಒಂದೊಂದಾಗಿ ಹೇಳಿದರು. ಎತ್ತರದ ಗುಡ್ಡದ ನೆತ್ತಿಯೊಂದನ್ನು ದಾಟಿ, ಮರ ಕಲ್ಲಿನ ಮನೆಗಳ ಒಂದು ಹಳ್ಳಿಗೆ ಅವರು ಹೋಗಿದ್ದರು. ಹಳ್ಳಿ ಮುಟ್ಟುವ ಮುಂಚೆ ಪೀಟರ್ ಜಾರಿಬಿದ್ದು ಕಾಲು ಮುರಿದುಕೊಂಡ. ಮೂಳೆ ಚರ್ಮ ಹರಿದು ಹೊರಗೆ ಬಂದಿತ್ತು. ಆ ಹಳ್ಳಿಯವರು ಹೊರಗಿನವರನ್ನು ಮುಟ್ಟುವುದಿಲ್ಲ, ಮನೆಯೊಳಗೆ ಸೇರಿಸುವುದಿಲ್ಲ. ಊರ ಹೊರಗಿನ ಒಂದು ದನದ ಕೊಟ್ಟಿಗೆ ತೋರಿಸಿದರು. ನಿಂಗಣ್ಣ ಅವನನ್ನು ಬೆನ್ನ ಮೇಲೆ ಹೊತ್ತು ಅಲ್ಲಿಗೆ ಮುಟ್ಟಿಸಿದ. ಯಾನ್ ಕೆಳಗಿಳಿದು ಡಾಕ್ಟರನ್ನೂ ಹೊರುವ ಜನರನ್ನೂ ಕರೆತರುವುದು, ನಿಂಗಣ್ಣ ಪೀಟರ್ ಹತ್ತಿರ ಕೂರುವುದು ಎಂದಾಯಿತು. ಗುಡ್ಡದ ನೆತ್ತಿಯಲ್ಲಿ ಹಿಮ ಬೀಳತೊಡಗಿತ್ತು. ಯಾನ್‌ನ ಹೊದಿಕೆಯೆಲ್ಲ ಪೀಟರ್ ಮೈಮೇಲಿತ್ತು. ಅದಕ್ಕೆ ನಿಂಗಣ್ಣ ಕಂಬಳಿ ಕೊಟ್ಟು ಕಳಿಸಿದ.

"ಡಾಕ್ಟರ್ ಹೋದ್ರಾ?"

ಶೆಟ್ಟರು ತಲೆ ಅಲ್ಲಾಡಿಸಿದರು. "ಇವ ಯಾರಿಗೂ ಹೇಳಲೇ ಇಲ್ಲ."

ಯಾನ್‌ನ ಚೀಲದಲ್ಲಿ ಚರಸ್ ಇತ್ತು. ವೀಸಾದ ಅವಧಿ ಮುಗಿದಿತ್ತು. ಕುಲುವಿನ ಪೊಲೀಸ್ ಠಾಣೆಯ ಮೆಟ್ಟಿಲ ತನಕ ಹೋಗಿ ವಾಪಸು ಬಂದಿದ್ದ. ಮುಂಬಯಿಗೆ ಹೋಗಿ ತಮ್ಮ ದೇಶದ ಕಾನ್ಸುಲೇಟಿನಲ್ಲಿ ಹೇಳೋಣವೆಂದುಕೊಂಡು ಬಸ್ಸು ಹತ್ತಿದ. ಮುಂಬಯಿಗೆ ಬಂದ ಮೇಲೆ ನಾಳೆ ಹೋಗೋಣ ಎಂದುಕೊಂಡ. ಜುಹುವಿನಲ್ಲಿ ಗೆಳೆಯರ ಜತೆ ಇದ್ದುಬಿಟ್ಟ. ದಿನ ಹೋದಷ್ಟೂ, ಇಷ್ಟು ದಿನ ಏಕೆ ಹೇಳಲಿಲ್ಲ ಎಂದು ಕೇಳುತ್ತಾರಲ್ಲ ಎಂಬ ಭಯ ಹೆಚ್ಚಿತು. ನಾಳೆ ಬೆಳಿಗ್ಗೆಯ ಸ್ಟೀಮರಿಗೆ ಗೋವಾಕ್ಕೆ ಹೊರಟಿದ್ದ.

ಸೋಮವ್ವ ಅಳಲಿಲ್ಲ. ಎಲ್ಲೋ ಹಿಮದ ನಡುವೆ, ಕಂಬಳಿಯಿಲ್ಲದೆ, ಈಗ ಬರುತ್ತಾರೆ ಎಂದು ದಾರಿ ನೋಡುತ್ತ ಕೂತವನ ಬೆನ್ನು ಅವಳಿಗೆ ಕಂಡಿತು.

"ಈಗs ಹೋಗೂಣು, ಏಳ್ರಿ," ಎಂದಳು.

ಶೆಟ್ಟರು ಹಣೆ ಒರೆಸಿಕೊಂಡರು. "ಸ್ವಲ್ಪ ತಾಳು ಸೋಮವ್ವ. ಇದು ಚರಸ್ಸಿನ ವಿಷಯ. ಪೊಲೀಸರು ಬಂದರೆ ಮೊದಲು ಕೇಳುದು ನಿಂಗಣ್ಣನನ್ನು ಕಳಿಸಿದ್ದು ಯಾರು ಅಂತ. ಹೋಟೆಲಿನ ಧಣಿಗಳಿಗೆ ನಾನು ಎಂತ ಹೇಳುದು? ಇವತ್ತು ಇವನನ್ನು ಇಲ್ಲೇ ಮೇಲೆ ಮಲಗಿಸ್ತೇನೆ. ನಾಳೆ ಬೆಳಿಗ್ಗೆ ಯಾರಾದರೂ ವಕೀಲರನ್ನು ಕೇಳಿ..."

"ನಾಳಿ ಅಂದs ಇಂವ ಇಷ್ಟು ದಿನ ಕಳದಾನ್ರಿ."

"ಹೌದು, ಆದರೆ..."

"ನೀವು ಹೇಳಿಕಳಿಸಿದ್ರಿ ಅಂತ ಅವರು ಹ್ವಾದ್ರು. ನನ್ನ ಮಾತು ಕೇಳಿ ಹೋಗಿದ್ದಲ್ಲ." ಅವಳ ದನಿ ಏರಲಿಲ್ಲ. "ನಾನೊಬ್ಬಾಕಿ ಹೋದ್ರ ಆ ಆಫೀಸಿನಾಗ ಯಾರು ಕೇಳ್ತಾರ? ನೀವು ಬರದಿದ್ರ ನಾ ಇಲ್ಲಿಂದ ಏಳೂದಿಲ್ಲ. ಇಂವನ್ನೂ ಏಳಗೊಡೂದಿಲ್ಲ."

ಅವಳು ಬಾಗಿಲಿಗೆ ಅಡ್ಡವಾಗಿ ಕೂತುಬಿಟ್ಟಳು. ಹೊರಗೆ ತಟ್ಟೆ ಲೋಟಗಳ ಸದ್ದು, ಸಾಂಬಾರಿಗೆ ಕೂಗುವ ಗಿರಾಕಿಗಳು. ಶೆಟ್ಟರು ಒಂದು ಗಳಿಗೆ ಅವಳನ್ನೂ ಯಾನ್‌ನನ್ನೂ ನೋಡಿದರು. ಆಮೇಲೆ ಗೋಡೆಗೆ ತೂಗಿದ್ದ ಅಂಗಿ ತೆಗೆದು ಹಾಕಿಕೊಂಡರು.

ಟ್ಯಾಕ್ಸಿಯಲ್ಲಿ ಯಾನ್‌ನನ್ನು ನಡುವೆ ಕೂರಿಸಿಕೊಂಡರು. ಸಮುದ್ರದ ದಂಡೆಯ ರಸ್ತೆಗೆ ಬಂದಾಗ ಅವನು ನಿಲ್ಲಿಸಲು ಹೇಳಿದ. ಸೋಮವ್ವ ಅವನ ತೋಳು ಹಿಡಿದೇ ಜತೆಗೆ ಇಳಿದಳು. ಅವನು ಚೀಲದ ತಳದಿಂದ ಒಂದು ಗಂಟು ತೆಗೆದು ಕಟ್ಟೆಯಾಚೆ ನೀರಿಗೆ ಎಸೆದ. ಶೆಟ್ಟರು ಟ್ಯಾಕ್ಸಿಯೊಳಗೆ ಕೂತು ಬೇರೆ ಕಡೆ ನೋಡುತ್ತಿದ್ದರು. ಕಾನ್ಸುಲೇಟಿನ ಬಾಗಿಲಲ್ಲಿ ಅವನು ಮತ್ತೆ ನಿಂತ. ಕಾಲು ಮುಂದಕ್ಕೆ ಬರಲೊಲ್ಲದು. ಹತ್ತಿರದಿಂದ ನೋಡಿದಾಗ ಸೋಮವ್ವನಿಗೆ ಅವನ ಗಡ್ಡದ ಕೂದಲು ಇನ್ನೂ ಎಳೆಯದೆಂದು ಕಂಡಿತು. ಊರಿನಲ್ಲಿರುವ ತನ್ನ ತಮ್ಮನ ವಯಸ್ಸಿರಬೇಕು. ಅವಳ ಸಿಟ್ಟು ಇಳಿಯಲಿಲ್ಲ. ಆದರೂ ಅಂಗೈಯನ್ನು ಅವನ ಬೆನ್ನಿಗೆ ಇಟ್ಟು, "ನಡಿಯಪ್ಪ," ಎಂದು ಒಳಗೆ ತಳ್ಳಿದಳು.

ಅಲ್ಲಿ ಆಫೀಸಿನ ಹೆಂಗಸೊಬ್ಬಳು, ಪಾರ್ಸಿ ಬಾಯಿ, ಇದ್ದಳು. ಹಿಂದಿ ಮಾತಾಡುವವಳು. ಸೋಮವ್ವನಿಗೆ ಕುರ್ಚಿ ತೋರಿಸಿದಳು. ಸೋಮವ್ವ ನೆಲದ ಮೇಲೆ, ಒಳಕೋಣೆಯ ಬಾಗಿಲು ಕಾಣುವ ಹಾಗೆ ಕೂತಳು. ಒಳಗೆ ಯಾನ್‌ನ ದನಿ, ಸಾಹೇಬರ ದನಿ, ಆಮೇಲೆ ಯಾರೋ ಅಳುವ ಸದ್ದು. ದಿಲ್ಲಿಗೆ ಟ್ರಂಕ್ ಕಾಲ್ ಹಾಕಿದರು. ದಿಲ್ಲಿಯವರು ಕುಲುವಿಗೆ ಹೇಳಬೇಕು, ಕುಲುವಿನವರು ಜನ ಕಳಿಸಬೇಕು. ಸಂಜೆಯಾದಾಗ ಪಾರ್ಸಿ ಬಾಯಿ ಹೊರಗೆ ಬಂದು, ನೆತ್ತಿಯ ದಾರಿ ಹಿಮದಲ್ಲಿ ಮುಚ್ಚಿದೆ, ಹೊಳೆಯ ದಂಡೆ ಹಿಡಿದು ಕೆಳಗಿನಿಂದ ಹತ್ತಬೇಕಂತೆ, ತಡವಾಗುತ್ತದೆ, ಸುದ್ದಿ ಬಂದರೆ ಹೋಟೆಲಿಗೆ ಫೋನ್ ಮಾಡುತ್ತೇವೆ ಎಂದಳು.

ಅಲ್ಲಿಂದ ಮುಂದೆ ಸೋಮವ್ವ ಅಂಧೇರಿಯ ತನ್ನ ಗುಡಿಸಲಿಗೆ ಹೋಗಿದ್ದು ಮಲಗಲು ಮಾತ್ರ. ಬೆಳಗಾದರೆ ಹೋಟೆಲಿಗೆ ಬಂದು, ಕೇಳದೆಯೇ ಪಾತ್ರೆ ತೊಳೆಯಲು ಕೂರುತ್ತಿದ್ದಳು. ಫೋನು ಬಡಿದಾಗಲೆಲ್ಲ ಕೈ ನಿಲ್ಲುತ್ತಿತ್ತು. ಅದು ಹಾಲಿನವನದೋ, ತರಕಾರಿಯವನದೋ ಆಗಿರುತ್ತಿತ್ತು. ನೆರೆಮನೆಯ ಹನುಮವ್ವ, "ಊರಿಗರೆ ತಿಳಸಬೇಕಿತ್ತಲ್ಲ," ಎಂದಾಗ, "ಏನಂತ ತಿಳಸ್ಲಿ?" ಎಂದಳು ಸೋಮವ್ವ.

ಕೊನೆಗೊಂದು ಮಧ್ಯಾಹ್ನ ಶೆಟ್ಟರು ಫೋನು ಕೆಳಗಿಟ್ಟು ಅವಳ ಹತ್ತಿರ ಬಂದರು. ಅವರ ಮುಖ ನೋಡಿ ಅವಳು ಎದ್ದು ನಿಂತಳು.

"ಸಿಕ್ಕಿದರಂತೆ," ಎಂದರು. "ಒಬ್ಬನನ್ನು ಜೀವಂತ ಕೆಳಗೆ ತಂದಿದ್ದಾರಂತೆ."

"ಒಬ್ಬರನ್ನಾ?"

"ಹಾಗೇ ಹೇಳಿದರು. ಒಬ್ಬ."

"ಯಾರನ್ನ?"

ಶೆಟ್ಟರು ಆಗಲೇ ಮತ್ತೆ ಫೋನಿನ ಕಡೆ ಹೊರಟಿದ್ದರು. ಲೈನು ಸಿಗಲಿಲ್ಲ. ಮತ್ತೆ ಹಚ್ಚಿದರು. ಕಾನ್ಸುಲೇಟಿನವರಿಗೂ ಅಷ್ಟೇ ಗೊತ್ತಿತ್ತು. ಮತ್ತೆ ದಿಲ್ಲಿಗೆ ಕೇಳಬೇಕೆಂದರು. ಸೋಮವ್ವ ತೊಳೆಯುವ ಕಟ್ಟೆಗೆ ಆತು ನಿಂತಳು. ಕೈಯಿಂದ ನೀರು ಸೋರುತ್ತಿತ್ತು. ಒಬ್ಬ ಉಳಿದಿದ್ದಾನೆ. ಅವಳು ದೇವರನ್ನು ಕೇಳಿದಳು, ಅವನೇ ಆಗಿರಲಿ ಎಂದು. ಹಾಗೆ ಕೇಳಿದರೆ ಯಾರದೋ ಮಗ ಸಾಯಲಿ ಎಂದು ಕೇಳಿದಂತೆ ಎಂಬುದು ಹೊಳೆಯಿತು. ಹೊಳೆದರೂ ಮತ್ತೆ ಅದನ್ನೇ ಕೇಳಿದಳು.

ದೀಪ ಹಚ್ಚುವ ಹೊತ್ತಿಗೆ ಪಾರ್ಸಿ ಬಾಯಿ ತಾನೇ ಹೋಟೆಲಿಗೆ ಬಂದಳು. ಪೀಟರ್ ಆಸ್ಪತ್ರೆಯಲ್ಲಿದ್ದಾನೆ, ಕಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು, ಆದರೆ ಬದುಕುತ್ತಾನೆ ಎಂದಳು.

"ಮೇರಾ ಆದ್ಮಿ?"

"ಅವನೂ ಅಲ್ಲಿಯೇ ಇದ್ದಾನೆ," ಎಂದು ಪಾರ್ಸಿ ಬಾಯಿ ಹಿಂದಿಯಲ್ಲಿ ಹೇಳಿದಳು. ಹೇಳುವಾಗ ಅವಳು ತಲೆ ತಗ್ಗಿಸಿದಳು. "ಡೋಲಿಯಲ್ಲಿ ಒಬ್ಬನನ್ನು ತಂದರು. ನಿನ್ನ ಗಂಡ ಹಿಂದೆ ನಡೆದು ಬಂದ. ನಾವು ಕೇಳಿದ್ದು ವಿದೇಶಿಯವನನ್ನು. ಅದಕ್ಕೆ ಅವರು ಅವನೊಬ್ಬನನ್ನೇ ಎಣಿಸಿದರು."

ಸೋಮವ್ವ ಅಲ್ಲಿಯೇ ಒದ್ದೆ ನೆಲದ ಮೇಲೆ ಕೂತಳು. ಇಷ್ಟು ದಿನ ತಡೆದದ್ದೆಲ್ಲ ಆಗ ಬಂತು.

ದೀಪಾವಳಿ ಕಳೆದು ಕೆಲವು ದಿನಕ್ಕೆ ನಿಂಗಣ್ಣ ಬಾಂಬೆ ಸೆಂಟ್ರಲ್‌ನಲ್ಲಿ ಇಳಿದ. ಮುಖದ ಚರ್ಮ ಸುಲಿದಿತ್ತು. ಹಿಮ ಕಡಿದು ಎಡಗಾಲಿನ ಎರಡು ಬೆರಳು ಹೋಗಿದ್ದವು. ಶೆಟ್ಟರು ಅವನ ಎರಡೂ ಕೈ ಹಿಡಿದುಕೊಂಡು, ಏನು ಹೇಳುವುದೆಂದು ತಿಳಿಯದೆ, "ಊಟ ಮಾಡಿ ಹೋಗು," ಎಂದರು. ಯಾನ್‌ನನ್ನು ಅವನ ದೇಶದವರು ಅಷ್ಟರಲ್ಲಿ ವಿಮಾನ ಹತ್ತಿಸಿ ಕಳಿಸಿಬಿಟ್ಟಿದ್ದರು. ಹೋಗುವ ಮುಂಚೆ ಅವನು ಹೋಟೆಲಿಗೆ ಬಂದು ಸೋಮವ್ವನನ್ನು ನೋಡಬೇಕೆಂದಿದ್ದ. ಅವಳು ಒಳಗಿನಿಂದ ಹೊರಗೆ ಬಂದಿರಲಿಲ್ಲ.

ಗುಡಿಸಲಿನಲ್ಲಿ ಊಟವಾದ ಮೇಲೆ ನಿಂಗಣ್ಣ ಗೋಡೆಗೆ ಆತುಕೊಂಡು ಹೇಳಿದ. "ಯಾನ್ ಸಾಹೇಬ ಸಣ್ಣ ಹುಡುಗ, ಹೆದರಿದ್ದ. ಆದ್ರೂ ಜನರನ್ನ ಕಳಿಸಿದ ನೋಡು."

ಸೋಮವ್ವ ಗಂಗಾಳ ತೊಳೆಯುವುದನ್ನು ಬಿಟ್ಟು, ಅಂಧೇರಿಯ ಸೇತುವೆಯಿಂದ ಹಿಡಿದು ನಡೆದದ್ದನ್ನೆಲ್ಲ ಹೇಳಿದಳು. ಕೊನೆಗೆ, "ನನಗೂ ತಿಳದಿತ್ತು," ಎಂದ.

"ಏನ ತಿಳದಿತ್ತು?"

"ಯಾರೂ ಬರೂದಿಲ್ಲ ಅಂತ. ಹಿಟ್ಟು ತೀರಿದಾಗs ತಿಳೀತು."

"ತಿಳದಮ್ಯಾಲ ಎದ್ದು ಬರಬೇಕಿತ್ತಲ್ಲ. ಕಾಲು ಇದ್ದುವಲ್ಲ ನಿನಗ."

"ಪೀಟರ್ ಸಾಹೇಬನ್ನ ಯಾರೂ ಮುಟ್ಟತಿದ್ದಿಲ್ಲ ಸೋಮಿ. ರೊಟ್ಟಿ ದೂರ ಇಟ್ಟು ಹೋಗತಿದ್ರು. ಬಾಯಿಗೆ ನೀರು ಹಾಕಾಕ ಸುದ್ದಾ ನಾನs ಆಗಬೇಕಿತ್ತು. ನಾ ಬಾಗಿಲಿಗೆ ಹ್ವಾದ್ರ ಸಾಕು, ನನ್ನ ಹೆಸರು ಹಿಡದು ಒದರತಿದ್ದ."

"ನೀ ಸತ್ತಿದ್ರ?"

ಅವನು ಪಟ್ಟಿ ಕಟ್ಟಿದ ಕಾಲನ್ನು ಹತ್ತಿರ ಎಳೆದುಕೊಂಡ.

"ನಾ ಇಲ್ಲಿ ಒಬ್ಬಾಕಿ ಅದೀನಿ ಅಂತ ನೆನಪಾಗಲಿಲ್ಲೇನು?"

"ದಿನಾ ಆಗತಿತ್ತು."

"ಆದ್ರೂ ಕುಂತಿ."

"ಕುಂತೆ," ಎಂದ ಅವನು.

ಅವಳಿಗೆ ಅವನ ಮೇಲೆ ಬಂದ ಸಿಟ್ಟು ಯಾನ್ ಮೇಲೆಯೂ ಬಂದಿರಲಿಲ್ಲ. ಎದ್ದು ಹೊರಗೆ ಹೋಗಬೇಕೆಂದುಕೊಂಡಳು, ಹೋಗಲಿಲ್ಲ. ಆಸ್ಪತ್ರೆಯವರು ಕೊಟ್ಟ ಮುಲಾಮು ತಂದು, ಅವನ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡು ಪಟ್ಟಿ ಬಿಚ್ಚತೊಡಗಿದಳು. ಗಾಯಕ್ಕೆ ಅಂಟಿದ್ದ ಬಟ್ಟೆ ಬಿಡುವಾಗ ಅವನು ಹಲ್ಲು ಕಚ್ಚಿದ.

"ನೋವಾಕ್ಕೈತಿ," ಎಂದ.

"ಆಗ್ಲಿ," ಎಂದಳು ಸೋಮವ್ವ. ಚೊಂಬಿನ ಬಿಸಿನೀರನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತ, ಬಟ್ಟೆ ತಾನಾಗಿ ನೆನೆದು ಬಿಡುವ ತನಕ ಕಾದಳು.